ತಲೆ ಮೇಲಿನ ತಂತಿ ಜಾಲರಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ತಿಂಗಳು ಗಣಿಯೊಳಗೆ ಗಾಳಿ ಹೇಗೆ ಹರಿಯುತ್ತದೆ ಅಂತ ಎರಡು ಪುಟ ಬರೆದಿದ್ದೆ. ಅದರ ಜೊತೆ ಒಂದು ಫೋಟೊ ಅಚ್ಚಾಗಿತ್ತು. ಅದರಲ್ಲಿ ಕೆಲಸಗಾರರ ತಲೆ ಮೇಲೆ ತಂತಿ ಜಾಲರಿ ಕಾಣುತ್ತಿತ್ತು. ಗಾಳಿ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪ್ರಶ್ನೆಯೆಲ್ಲ ಜಾಲರಿಯದೇ! ನನಗೂ ಖುಷಿಯಾಯಿತು ಅನ್ನಿ. ನೆಲದಡಿಯ 29 ವರ್ಷದಲ್ಲಿ ಹೆಚ್ಚು ಕಾಲ ನಾನು ಮಾಡಿದ್ದು ಇದೇ ಕೆಲಸ. ಮೊದಲು ಮರದ ಆಸರೆ ಕೊಡುವ ಗ್ಯಾಂಗ್‌ನಲ್ಲಿ, ಆಮೇಲೆ ಬೋಲ್ಟ್ ಮತ್ತು ಮೆಶ್ (ಈ ಜಾಲರಿಯೇ) ಹೊಡೆಯುವ ಗ್ಯಾಂಗ್‌ನಲ್ಲಿ ಮೇಟ್, ಅಂದರೆ ಗ್ಯಾಂಗಿನ ಮುಂದಾಳು ಆಗಿ.

ಪ್ರಶ್ನೆ: ನನ್ನ ಮಗ ಹೊಸದಾಗಿ ಗಣಿ ಕೆಲಸಕ್ಕೆ ಸೇರಿದ್ದಾನೆ. ಒಳಗಿನ ಫೋಟೊ ಒಂದನ್ನು ಮೊಬೈಲ್‌ಗೆ ಕಳಿಸಿದ್ದ. ತಲೆ ಮೇಲೆ ಕೋಳಿ ಗೂಡಿನ ಜಾಲರಿ ಥರ ಏನೋ ಇದೆ. ಅಷ್ಟು ದೊಡ್ಡ ಗುಡ್ಡವನ್ನು ಆ ತಂತಿ ಹೇಗೆ ತಡೆಯುತ್ತದೆ? ರಾತ್ರಿ ನಿದ್ದೆ ಬರುತ್ತಿಲ್ಲ. (ಲಿಂಗಸುಗೂರಿನ ಒಬ್ಬ ತಾಯಿ)

ಅಮ್ಮಾ, ಗುಡ್ಡವನ್ನು ಆ ತಂತಿ ಹಿಡಿದಿಲ್ಲ. ಗುಡ್ಡವನ್ನು ಗುಡ್ಡವೇ ಹಿಡಿದುಕೊಂಡಿರುತ್ತದೆ.

ನಿಮ್ಮ ಮನೆಯಲ್ಲಿ ಕೌದಿ ಇದೆಯಲ್ವಾ? ಹಳೇ ಸೀರೆ, ಪಂಚೆ ಪದರ ಪದರವಾಗಿ ಜೋಡಿಸಿ ಹೊಲಿಗೆ ಹಾಕುತ್ತೀರಿ. ಹೊಲಿಗೆ ಇಲ್ಲದಿದ್ದರೆ ಪದರ ಜಾರುತ್ತದೆ. ಗಣಿಯಲ್ಲೂ ಅದೇ. ದಾರಿ ಮಾಡಲು ಮದ್ದು ಸಿಡಿಸಿದಾಗ ಸುತ್ತಲಿನ ಕಲ್ಲು ಬಿರುಕು ಬಿಡುತ್ತದೆ. ಅದಕ್ಕೇ ಮೇಲ್ಮುಖವಾಗಿ ತೂತು ಕೊರೆದು, ಎರಡು ಮೀಟರ್ ಆಸುಪಾಸಿನ ಉಕ್ಕಿನ ಬೋಲ್ಟ್ ಕೂರಿಸುತ್ತೇವೆ. ಬಿರುಕು ಬಿಟ್ಟ ಕಲ್ಲನ್ನು ಹಿಂದಿನ ಗಟ್ಟಿ ಕಲ್ಲಿಗೆ ಸೇರಿಸಿ ಹಾಕುವ ಹೊಲಿಗೆ ಅದು. ಒಂದು ಬೋಲ್ಟಿಗೂ ಇನ್ನೊಂದಕ್ಕೂ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಅಂತರ. ಹೊಲಿಗೆ ಹೊಲಿಗೆಯ ನಡುವೆ ಬಟ್ಟೆ ಸಡಿಲ ಇರುತ್ತಲ್ಲ, ಆ ಜಾಗಕ್ಕೆ ಬರುವುದು ಜಾಲರಿ.

ಸಣ್ಣ ಕಲ್ಲು ಅಂತ ತಾತ್ಸಾರ ಬೇಡ. ಸುಲಿಯದ ತೆಂಗಿನಕಾಯಿ ಗಾತ್ರದ ನಮ್ಮ ಕಡೆಯ ಕರಿಕಲ್ಲು 10 ಕಿಲೋ ದಾಟುತ್ತದೆ. ಅದು ತಲೆ ಮೇಲಿಂದ ಬಿದ್ದರೆ ಹೆಲ್ಮೆಟ್ ಏನು ಮಾಡೀತು? ದೊಡ್ಡ ಕುಸಿತ ಅಪರೂಪಕ್ಕೆ ಆಗುತ್ತದೆ, ಪೇಪರ್‌ನಲ್ಲಿ ಬರುತ್ತದೆ. ದಿನಾ ಕಾಡುವುದು ಈ ತೆಂಗಿನಕಾಯಿ ಕಲ್ಲು. ಜಾಲರಿ ಇರುವುದು ಇದಕ್ಕೇ.

ಫೋಟೊದಲ್ಲಿ ಹಗುರಾಗಿ ಕಾಣುತ್ತೆ, ನಿಜ. 5 ಮಿ.ಮೀ. ತಂತಿಯನ್ನು 10 ಸೆಂ.ಮೀ. ಚೌಕಕ್ಕೆ ಬೆಸುಗೆ ಹಾಕಿದ, 3 ಮೀಟರ್ ಉದ್ದ, 2.4 ಮೀಟರ್ ಅಗಲದ ಹಾಳೆ ಸುಮಾರು 22 ಕಿಲೋ ತೂಗುತ್ತದೆ. ನಮ್ಮ ಕಾಲದಲ್ಲಿ ಕೈಯಲ್ಲೇ ಎತ್ತುತ್ತಿದ್ದೆವು. ಇಬ್ಬರು ಅಟ್ಟಣಿಗೆ ಮೇಲೆ ನಿಂತು, ಹಾಳೆಯನ್ನು ಹೆಲ್ಮೆಟ್ಟಿಗೆ ಆನಿಸಿ ಮೇಲೆ ಒತ್ತಿ ಹಿಡಿಯಬೇಕು. ಮೂರನೆಯವನು ಜಾಲರಿಯ ಕಣ್ಣಿನೊಳಗಿಂದಲೇ ಡ್ರಿಲ್ ಹೊಡೆಯಬೇಕು. ಡ್ರಿಲ್ಲಿನ ನೀರು, ಕೆಸರು ಎಲ್ಲ ಕುತ್ತಿಗೆಯಿಂದ ಇಳಿದು ಬೂಟು ಸೇರುತ್ತಿತ್ತು. ತೂತಿಗೆ ಬೋಲ್ಟ್ ಹೊಡೆದು, ಅದರ ತಲೆಯ ಉಕ್ಕಿನ ತಟ್ಟೆ ಜಾಲರಿಯನ್ನು ಕಲ್ಲಿಗೆ ಅಪ್ಪಿ ಹಿಡಿಯುವವರೆಗೂ ಕೈ ಬಿಡುವಂತಿಲ್ಲ. ಪಕ್ಕದ ಹಾಳೆ ಇದರ ಮೇಲೆ ಎರಡು ಮೂರು ಕಣ್ಣಿನಷ್ಟು ಹತ್ತಿ ಕೂರಬೇಕು. ಆ ಹತ್ತಿದ ಜಾಗದಲ್ಲೂ ಬೋಲ್ಟ್ ಬೀಳಬೇಕು. ಇಲ್ಲದಿದ್ದರೆ ಭಾರ ಬಂದಾಗ ಬಾಯಿ ಬಿಡುವುದು ಅಲ್ಲೇ.

ಮಗನಿಗೆ ಒಂದು ಮಾತು ಹೇಳಿ. ಜಾಲರಿ ಇದೆ ಅಂತ ಹಾರೆ ಮರೆಯಬಾರದು. ಮೆಶ್ ಹಾಕುವ ಮೊದಲು ಛಾವಣಿಯನ್ನು ನೀರಲ್ಲಿ ತೊಳೆದು, ಉದ್ದ ಹಾರೆಯಿಂದ ಬಡಿದು ನೋಡಬೇಕು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬಾರಿಸಿ ನೋಡುತ್ತೀರಲ್ಲ, ಹಾಗೆ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಹಿಂದೆ ಬಿರುಕಿದೆ, ಎಬ್ಬಿ ಕೆಡವಬೇಕು. ಯಾವಾಗಲೂ ಆಸರೆ ಕೊಟ್ಟ ಛಾವಣಿಯ ಕೆಳಗೆ ನಿಂತೇ ಮುಂದಿನದನ್ನು ಮುಟ್ಟಬೇಕು. ಇಷ್ಟು ಮಾಡುವ ಹುಡುಗನ ಬಗ್ಗೆ ನಾನಾದರೆ ನಿದ್ದೆ ಕೆಡಿಸಿಕೊಳ್ಳುವುದಿಲ್ಲ.

ಪ್ರಶ್ನೆ: ನಾವು ಓಡಾಡುವ ದಾರಿಯಲ್ಲಿ ಒಂದು ಕಡೆ ಮೆಶ್ ಹೊಟ್ಟೆ ಬಂದ ಹಾಗೆ ಜೋತು ಬಿದ್ದಿದೆ. ‘ಹಿಡಿದುಕೊಂಡಿದೆ ಬಿಡು, ಅದರ ಕೆಲಸ ಅದು ಮಾಡ್ತಿದೆ’ ಅನ್ನುತ್ತಾರೆ. ಹೌದಾ? (ಹೆಸರು ಬೇಡ ಎಂದಿರುವ ಗುತ್ತಿಗೆ ಕೆಲಸಗಾರ)

ಅರ್ಧ ಹೌದು. ಜಾಲರಿ ಗಟ್ಟಿ ಹಲಗೆಯಲ್ಲ. ಕಲ್ಲು ಸಡಿಲಾಗಿ ಅದರ ಮೇಲೆ ಕೂತಾಗ ಮೊದಲು ಜಗ್ಗುತ್ತದೆ, ಜಗ್ಗಿದ ಮೇಲೆ ಭಾರ ಹಿಡಿಯುತ್ತದೆ. ನುಲಿ ಮಂಚದ ಮೇಲೆ ಕೂತ ಹಾಗೆ. ಅಷ್ಟರ ಮಟ್ಟಿಗೆ ಅದರ ಕೆಲಸ ಅದು ಮಾಡಿದೆ. ಆದರೆ ಕೆಲಸ ಮುಗಿದಿಲ್ಲ ತಮ್ಮಾ. ಒಂದು ಘನ ಮೀಟರ್ ಕಲ್ಲು ಅಂದರೆ ಮೂರು ಟನ್‌ಗೆ ಹತ್ತಿರ. ಹೊಟ್ಟೆ ತುಂಬುತ್ತಾ ಹೋದರೆ ಒಂದು ದಿನ ತಂತಿ ಹರಿಯುತ್ತದೆ, ಇಲ್ಲಾ ಬೋಲ್ಟಿನ ತಟ್ಟೆ ಕಳಚುತ್ತದೆ.

ಇದರಲ್ಲಿ ನಾನು ಪೆಟ್ಟು ತಿಂದವನು. ಕೆಲಸಕ್ಕೆ ಸೇರಿ ಏಳೆಂಟು ವರ್ಷ ಆಗಿತ್ತು. ಎಲ್ಲ ಗೊತ್ತು ಅನ್ನುವ ವಯಸ್ಸು. ಶಿಫ್ಟ್ ಮುಗಿಯೋಕೆ ಅರ್ಧ ಗಂಟೆ ಇತ್ತು. ಇಂಥದೇ ಒಂದು ಹೊಟ್ಟೆ ಖಾಲಿ ಮಾಡಬೇಕಿತ್ತು. ಉದ್ದ ಹಿಡಿಕೆಯ ಕಟರ್ ತರಲು ಹಿಂದಕ್ಕೆ ಹೋಗಬೇಕು. ಯಾರು ಹೋಗ್ತಾರೆ ಅಂತ ಕೈಯಲ್ಲಿದ್ದ ಚಿಕ್ಕ ಕಟರಿನಿಂದಲೇ ಶುರು ಮಾಡಿದೆ. ಹೊಟ್ಟೆಯ ಅಂಚಿನಲ್ಲಿ ನಿಂತಿದ್ದೇನೆ ಅಂದುಕೊಂಡಿದ್ದೆ. ಮೂರನೇ ತಂತಿ ಕತ್ತರಿಸಿದಾಗ ನಾಲ್ಕನೆಯದು ತಾನಾಗೇ ಪಟ್ ಅಂತು. ಆಮೇಲೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ. ಎಡ ಹೆಗಲ ಮೂಳೆ ಮುರಿದಿತ್ತು. ತಪ್ಪು ಪೂರ್ತಿ ನನ್ನದು. ಇವತ್ತಿಗೂ ಚಳಿಗಾಲದಲ್ಲಿ ಅಂಗಿ ತೊಡುವಾಗ ಆ ಕೈ ಕೊನೆಗೆ ಬರುತ್ತದೆ.

ಸರಿಯಾದ ಕ್ರಮ ಇದು. ಮೊದಲು ಕೆಳಗಿನ ದಾರಿ ಬಂದ್ ಮಾಡಿ. ಪಕ್ಕದ ಗಟ್ಟಿ ಛಾವಣಿಯ ಕೆಳಗೆ, ಹೊಟ್ಟೆಯಿಂದ ದೂರ ನಿಂತು, ಉದ್ದ ಹಿಡಿಕೆಯ ಕಟರಿನಿಂದ ಬದಿಯಲ್ಲಿ ಬಾಯಿ ಮಾಡಿ. ಕಲ್ಲು ಪೂರ್ತಿ ಇಳಿಯಲಿ. ಆಮೇಲೆ ಹಾರೆ ಹಾಕಿ ನೋಡಿ, ಹರಿದ ಜಾಗದ ಮೇಲೆ ಹೊಸ ಹಾಳೆ, ಹೊಸ ಬೋಲ್ಟ್. ಇದು ನೀವೊಬ್ಬರೇ ಮಾಡುವ ಕೆಲಸವಲ್ಲ. ಮೇಟ್‌ಗೆ ಹೇಳಿ. ಅವರು ಕೇಳದಿದ್ದರೆ ಸೇಫ್ಟಿ ಆಫೀಸರ್‌ಗೆ ಹೇಳಿ, ಬರೆದು ಕೊಡಿ. ಬಾಯಲ್ಲಿ ಹೇಳಿದ್ದನ್ನು ಮರೆಯುವುದು ಎಲ್ಲರಿಗೂ ಸುಲಭ.

ಪ್ರಶ್ನೆ: ಚೈನ್ ಲಿಂಕ್ ಒಳ್ಳೆಯದೋ, ವೆಲ್ಡ್ ಮೆಶ್ ಒಳ್ಳೆಯದೋ? (ಮೈನಿಂಗ್ ಡಿಪ್ಲೊಮಾ ವಿದ್ಯಾರ್ಥಿ, ಬಳ್ಳಾರಿ)

ಪರೀಕ್ಷೆಗೆ ಬೇಕಾದ ಉತ್ತರ ನಿಮ್ಮ ಪುಸ್ತಕದಲ್ಲಿದೆ. ಕೈಗೆ ಗೊತ್ತಿರುವುದನ್ನು ನಾನು ಹೇಳುತ್ತೇನೆ.

ಚೈನ್ ಲಿಂಕ್ ಅಂದರೆ ಹೆಣೆದದ್ದು, ಬೇಲಿಗೆ ಹಾಕುತ್ತಾರಲ್ಲ ಆ ಜಾತಿ. ಬಳುಕುತ್ತದೆ. ಏರುತಗ್ಗಿನ ಛಾವಣಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಸುರುಳಿ ಸುತ್ತಿ ಇಕ್ಕಟ್ಟಿನ ಜಾಗಕ್ಕೂ ಒಯ್ಯಬಹುದು. ಆದರೆ ಒಂದು ಕಡೆ ಹರಿದರೆ ಸ್ವೆಟರ್ ಎಳೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುವ ಗುಣ ಅದಕ್ಕಿದೆ. ವೆಲ್ಡ್ ಮೆಶ್ ಅಂದರೆ ಬೆಸುಗೆ ಹಾಕಿದ್ದು, ಬಿರುಸು. ಎರಡು ಮೂರು ತಂತಿ ಹೋದರೂ ಹಾನಿ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಶಾಟ್‌ಕ್ರೀಟ್ ಹೊಡೆಯುವಾಗ ಗೊತ್ತಾಗುತ್ತದೆ. ಪೈಪಿನಿಂದ ರಭಸವಾಗಿ ಎರಚುವ ಕಾಂಕ್ರೀಟ್ ಅದು. ವೆಲ್ಡ್ ಮೆಶ್‌ನ ಅಗಲ ಕಣ್ಣಿನಲ್ಲಿ ನುಗ್ಗಿ ಕಲ್ಲಿಗೆ ಅಂಟುತ್ತದೆ. ಚೈನ್ ಲಿಂಕ್‌ನ ಹೆಣಿಗೆಗೆ ಬಡಿದರೆ ಅರ್ಧ ವಾಪಸ್ ನಮ್ಮ ಮುಖಕ್ಕೇ. ಹಿಂದೆ ಪೊಳ್ಳು ಉಳಿಯುತ್ತದೆ, ಹೊರಗಿನಿಂದ ಮಾತ್ರ ಗಿಲಾವು ಮಾಡಿದ ಗೋಡೆ ಥರ ಚೆಂದ ಕಾಣುತ್ತದೆ. ಹಾಗಾಗಿ ಮೇಲೆ ಕಾಂಕ್ರೀಟ್ ಬರುವುದಿದ್ದರೆ ವೆಲ್ಡ್ ಮೆಶ್ಶೇ ಹಾಕಿ. ಎರಡರಲ್ಲೂ ಸತುವಿನ ಲೇಪ ಇರುವುದನ್ನೇ ತರಿಸಿ. ಗಣಿಯ ನೀರು ತಂತಿಯನ್ನು ಗೆದ್ದಲಿಗಿಂತ ಬೇಗ ತಿನ್ನುತ್ತದೆ.

ಮತ್ತೆ ಬೋಲ್ಟ್ ಯಾವುದು ಅಂತ ಕೇಳದೆ ಜಾಲರಿ ಬಗ್ಗೆ ಮಾತ್ರ ಕೇಳಬೇಡಿ ತಮ್ಮಾ. ನಾವು ಜಾಸ್ತಿ ಹೊಡೆದದ್ದು ಸ್ಪ್ಲಿಟ್ ಸೆಟ್. ಉದ್ದಕ್ಕೂ ಸೀಳಿರುವ ಉಕ್ಕಿನ ಕೊಳವೆ. ತೂತಿಗಿಂತ ಕೊಳವೆ ಒಂದೆರಡು ಮಿ.ಮೀ. ದಪ್ಪ ಇರುತ್ತದೆ. ಬಲವಂತವಾಗಿ ನುಗ್ಗಿಸಿದಾಗ ಸೀಳು ಮುಚ್ಚಿಕೊಂಡು, ಉದ್ದಕ್ಕೂ ಕಲ್ಲನ್ನು ಒತ್ತಿ ಹಿಡಿಯುತ್ತದೆ. ಡ್ರಿಲ್ಲಿನವನು ದಪ್ಪ ಬಿಟ್ ಹಾಕಿ ತೂತು ಅಗಲ ಮಾಡಿದನೋ, ಬೋಲ್ಟ್ ಸಲೀಸಾಗಿ ಒಳಗೆ ಹೋಗುತ್ತದೆ. ಎಲ್ಲರಿಗೂ ಖುಷಿ. ಹಾಗೆ ಸಲೀಸಾಗಿ ಹೋದ ಬೋಲ್ಟಿಗೆ ಎಷ್ಟು ಒಳ್ಳೆಯ ಜಾಲರಿ ನೇತು ಹಾಕಿದರೂ ದಂಡ.

ಪ್ರಶ್ನೆ: ನಮ್ಮ ತಾತ ಕೆ.ಜಿ.ಎಫ್.ನಲ್ಲಿ ಕೆಲಸ ಮಾಡುತ್ತಿದ್ದರು. ಕಲ್ಲಿನ ಗೋಡೆ ಕಟ್ಟುತ್ತಿದ್ದೆ ಅನ್ನುತ್ತಿದ್ದರು. ಗಣಿಯೊಳಗೆ ಗೋಡೆ ಯಾಕೆ? (ಬೆಂಗಳೂರಿನ ಓದುಗರು)

ನಿಮ್ಮ ತಾತ ಹೇಳಿದ್ದು ಗ್ರಾನೈಟ್ ಪ್ಯಾಕ್ ಇರಬೇಕು. ಅದಿರು ತೆಗೆದ ಮೇಲೆ ಖಾಲಿ ಉಳಿದ ಜಾಗದಲ್ಲಿ, ಕಡಿದ ಗ್ರಾನೈಟ್ ಕಲ್ಲುಗಳನ್ನು ಗಾರೆ ಇಲ್ಲದೆ ಒತ್ತೊತ್ತಾಗಿ ಪೇರಿಸಿ ಕಟ್ಟುತ್ತಿದ್ದರು. ಎರಡು ಬದಿಯ ಬಂಡೆ ಹತ್ತಿರ ಬರದಂತೆ ಅದು ಅಡ್ಡ ನಿಲ್ಲುತ್ತಿತ್ತು. ಮರದ ಆಸರೆಗಿಂತ ಎಷ್ಟೋ ಗಟ್ಟಿ. ಚಾಂಪಿಯನ್ ರೀಫ್ ಗಣಿ 3.2 ಕಿ.ಮೀ. ಆಳಕ್ಕೆ ಇಳಿದಿತ್ತು. ಅಲ್ಲಿ ಕಲ್ಲಿನ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಆ ಸೆಕೆಯಲ್ಲಿ ಕಲ್ಲು ಹೊತ್ತು ಗೋಡೆ ಕಟ್ಟಿದವರು ಅವರು. ನಮ್ಮದೆಲ್ಲ ಕೆಲಸವೇ ಅಲ್ಲ.

ಅಷ್ಟು ಆಳದಲ್ಲಿ ಕಲ್ಲು ಬೀಳುವುದಷ್ಟೇ ಅಲ್ಲ, ಸಿಡಿಯುತ್ತದೆ. ರಾಕ್‌ಬರ್ಸ್ಟ್ ಅನ್ನುತ್ತಾರೆ. ಮೇಲಿನ ಭಾರಕ್ಕೆ ಬಿಗಿದ ಬಂಡೆ ಒಮ್ಮೆಗೇ ಒಡೆದು ಚೂರು ಹಾರುವುದು. ಕೆ.ಜಿ.ಎಫ್. ಊರಿನ ಮನೆಗಳಲ್ಲಿ ಪಾತ್ರೆ ಅಲ್ಲಾಡುತ್ತಿತ್ತು ಅಂತ ಹಳಬರು ಈಗಲೂ ಹೇಳುತ್ತಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇವತ್ತು ಬೇರೆ ದೇಶಗಳ ಅಂಥ ಆಳದ ಗಣಿಗಳಲ್ಲಿ, ಎಳೆದಾಗ ಸ್ವಲ್ಪ ಜಾರಿ ಕೊಡುವ ಬೋಲ್ಟ್ ಮತ್ತು ಜಗ್ಗುವ ಜಾಲರಿ ಎರಡನ್ನೂ ಸೇರಿಸಿ ಹಾಕುತ್ತಾರೆ. ಸಿಡಿತವನ್ನು ತಡೆಯಲು ಆಗುವುದಿಲ್ಲ. ಸಿಡಿದ ಚೂರನ್ನು ಹಿಡಿಯಬಹುದು.

ಪ್ರಶ್ನೆ: ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ ಜಾಲರಿ ಇರಲಿಲ್ಲವಾ? (ದಾವಣಗೆರೆ)

ಅದು ರಸ್ತೆ ಸುರಂಗ, ಗಣಿಯಲ್ಲ. 2023ರ ನವೆಂಬರ್ 12ಕ್ಕೆ ಕುಸಿದು 41 ಜನ ಒಳಗೆ ಸಿಕ್ಕಿಕೊಂಡರು. 17ನೇ ದಿನ ಎಲ್ಲರೂ ಹೊರಗೆ ಬಂದರು. ಸುಮಾರು 60 ಮೀಟರ್ ಉದ್ದಕ್ಕೆ ಮಣ್ಣು ಕಲ್ಲು ಕುಸಿದ ಕಡೆ ಜಾಲರಿಯ ಮಾತು ಬೇಡ. ಅದು ತೆಂಗಿನಕಾಯಿ ಕಲ್ಲಿನ ಲೆಕ್ಕ ಅಲ್ಲ.

ನನಗೆ ಜಾಸ್ತಿ ನೆನಪಾಗುವುದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಬೀಕನ್ಸ್‌ಫೀಲ್ಡ್ ಚಿನ್ನದ ಗಣಿ. 2006ರ ಏಪ್ರಿಲ್ 25ರ ರಾತ್ರಿ ನೆಲ ನಡುಗಿ ಕಲ್ಲು ಕುಸಿಯಿತು. ಒಬ್ಬ ಕಾರ್ಮಿಕ ಸತ್ತ. ಇಬ್ಬರು ಯಂತ್ರದ ತೋಳಿಗೆ ಕಟ್ಟಿದ ಉಕ್ಕಿನ ಬುಟ್ಟಿಯಲ್ಲಿ ನಿಂತು ಕೆಲಸ ಮಾಡುತ್ತಿದ್ದರು. ಕಲ್ಲು ಸುತ್ತ ಬಿದ್ದು ಬುಟ್ಟಿ ಹೂತುಹೋಯಿತು, ಆದರೆ ಪೂರ್ತಿ ಜಜ್ಜಲಿಲ್ಲ. ಹೆಲ್ಮೆಟ್ಟಿನಲ್ಲಿ ತೊಟ್ಟಿಕ್ಕುವ ನೀರು ಹಿಡಿದು ಕುಡಿದು ಬದುಕಿದರು. 14 ದಿನದ ಮೇಲೆ, ಮೇ 9ಕ್ಕೆ, ನಡೆದುಕೊಂಡೇ ಹೊರಗೆ ಬಂದರು.

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಬೇಲಿಗೆ ಹಾಕುವ ಚೈನ್ ಲಿಂಕ್ ಬೇಕಾದಷ್ಟಿದೆ. ಗಣಿಯವರಿಗೆ ಮಾರಬಹುದಾ?

ಬೇಡ ಸಾಹುಕಾರ್ರೇ. ಗಣಿಗೆ ಹೋಗುವ ಜಾಲರಿಗೆ ತಂತಿಯ ದಪ್ಪ, ಬಲ, ಲೇಪ ಎಲ್ಲದರ ಟೆಸ್ಟ್ ರಿಪೋರ್ಟ್ ಜೊತೆಗಿರಬೇಕು. ನಿಮ್ಮ ಬೇಲಿ ಜಾಲರಿ ಕುರಿ ತಡೆಯೋಕೆ ಮಾಡಿದ್ದು. ಅಂದ ಹಾಗೆ ನಮ್ಮ ಹಿತ್ತಲಲ್ಲಿ ಹೀರೆಬಳ್ಳಿ ಹಬ್ಬಿಸೋಕೆ ಒಂದು ರೋಲ್ ಬೇಕಾಗಿತ್ತು. ರೇಟ್ ಎಷ್ಟು ಅಂತ ಬರೆಯಿರಿ.