ಕೇಬಲ್ ಹೂತಾಯಿತು, ಮುಂದೆ?

ಓದುಗರ ಪತ್ರ: ‘ಹಳ್ಳಿಗಳಿಗೆ ಕೇಬಲ್ ಮೂಲಕ ಇಂಟರ್ನೆಟ್ ಮುಟ್ಟಿಸುವ ಕೇಂದ್ರದ ಭಾರತ್‌ನೆಟ್ ಯೋಜನೆಗೆ ಸಾವಿರಾರು ಕೋಟಿ ಸುರಿದಾಯಿತು. ಆದರೂ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಖಾಸಗಿಯವರಿಗೆ ವಹಿಸಿ ಸರ್ಕಾರ ಕೈತೊಳೆದುಕೊಳ್ಳಬಾರದೇ? ನಮ್ಮ ತೆರಿಗೆ ದುಡ್ಡಾದರೂ ಉಳಿಯುತ್ತೆ, ಅಲ್ವಾ?’

ಸಂಪಾದಕರ ಉತ್ತರ:

ಮೊದಲು ದುಡ್ಡಿನ ಲೆಕ್ಕ ನೋಡೋಣ. ಭಾರತ್‌ನೆಟ್‌ಗೆ ಹಣ ಬರುವುದು ಮುಖ್ಯವಾಗಿ ನಾವು ಕಟ್ಟುವ ಆದಾಯ ತೆರಿಗೆಯಿಂದಲ್ಲ. ಟೆಲಿಕಾಂ ಕಂಪನಿಗಳು ಲೈಸೆನ್ಸ್ ಶುಲ್ಕದ ಜೊತೆಗೆ ತಮ್ಮ ಆದಾಯದ ಶೇ 5ರಷ್ಟನ್ನು ಒಂದು ನಿಧಿಗೆ ಕೊಡಬೇಕು. ಲಾಭವಿಲ್ಲ ಅಂತ ಕಂಪನಿಗಳು ಕಾಲಿಡದ ಹಳ್ಳಿಗಳಿಗೂ ಸಂಪರ್ಕ ಸಿಗಲಿ ಅನ್ನುವುದು ಇದರ ಉದ್ದೇಶ. ಈ ವ್ಯವಸ್ಥೆ 2002ರಿಂದ ಜಾರಿಯಲ್ಲಿದೆ. 2023ರ ದೂರಸಂಪರ್ಕ ಕಾಯ್ದೆ ಇದಕ್ಕೆ ‘ಡಿಜಿಟಲ್ ಭಾರತ್ ನಿಧಿ’ ಅಂತ ಹೊಸ ಹೆಸರಿಟ್ಟಿತು. ಕಂಪನಿಗಳೇನೂ ಕೈಯಿಂದ ಹಾಕಿ ಕೊಡುವುದಿಲ್ಲ, ನಮ್ಮ ರೀಚಾರ್ಜಿನಲ್ಲೇ ಅದೂ ಸೇರಿರುತ್ತದೆ. ಹಾಗಾಗಿ ದುಡ್ಡು ನಮ್ಮದೇ ಅನ್ನುವ ನಿಮ್ಮ ಮಾತು ಸುಳ್ಳಲ್ಲ.

ತೊಡಕು ಇನ್ನೊಂದಿದೆ. ಈ ಹಣ ನೇರವಾಗಿ ನಿಧಿಗೆ ಬಂದು ಬೀಳುವುದಿಲ್ಲ. ಮೊದಲು ಕೇಂದ್ರದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಒಟ್ಟು ಖಜಾನೆಗೆ ಹೋಗುತ್ತದೆ. ಆಮೇಲೆ ಸಂಸತ್ತು ಒಪ್ಪಿದಷ್ಟು ಮಾತ್ರ ಇತ್ತ ಬರುತ್ತದೆ. ಹಳ್ಳಿಯ ಹೆಸರಿನಲ್ಲಿ ವಸೂಲಾದಷ್ಟೂ ಹಳ್ಳಿಗೆ ಬಂದಿಲ್ಲ. ಖಾಸಗಿಯವರ ಮಾತು ಎತ್ತುವ ಮೊದಲು ನಾವು ಜಗಳ ತೆಗೆಯಬೇಕಾದ್ದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ.

ಇನ್ನು ಯೋಜನೆ. 2011ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಇದನ್ನು ಒಪ್ಪಿದಾಗ ಅಂದಾಜು ಖರ್ಚು ಸುಮಾರು 20,000 ಕೋಟಿ ರೂಪಾಯಿ. ಎರಡೂವರೆ ಲಕ್ಷ ಪಂಚಾಯಿತಿಗಳಿಗೆ ಎರಡು ವರ್ಷದಲ್ಲಿ ಫೈಬರ್ ಮುಟ್ಟಿಸುವ ಮಾತಿತ್ತು. ಮೊದಲ ಒಂದು ಲಕ್ಷ ಮುಗಿಯುವ ಹೊತ್ತಿಗೆ 2017ರ ಡಿಸೆಂಬರ್ ಬಂದಿತ್ತು. ತಡವಾಗಿದ್ದು ಹೋಗಲಿ, ಸರ್ಕಾರಿ ಗಡುವು ಅಂದರೆ ಅದೇ ತಾನೇ. ನನ್ನ ತಕರಾರು ಬೇರೆ. ಇದನ್ನು ರಸ್ತೆ ಕಾಮಗಾರಿಯ ಹಾಗೆ ನೋಡಿದರು. ಅಗೆದರು, ಹೂತರು, ಪಂಚಾಯಿತಿ ಕಚೇರಿಯ ಗೋಡೆಗೆ ಪೆಟ್ಟಿಗೆ ಹೊಡೆದರು, ಲೆಕ್ಕ ಬರೆದರು. ನೆಟ್‌ವರ್ಕಿನ ನಿಜವಾದ ಖರ್ಚು ಶುರುವಾಗುವುದೇ ಆ ಮಾರನೇ ದಿನದಿಂದ.

ಒಂದು ಎಳೆಯನ್ನೇ ಹಿಡಿದು ನೋಡಿ. ಬ್ಲಾಕ್ (ತಾಲ್ಲೂಕು ಮಟ್ಟದ) ಕೇಂದ್ರದಿಂದ ಒಂದು ಕೇಬಲ್ ಹೊರಟು, ದಾರಿಯಲ್ಲಿ ಕವಲೊಡೆದು ಹಲವು ಪಂಚಾಯಿತಿಗಳಿಗೆ ಹೋಗುತ್ತದೆ. ವಾಪಸ್ ಬರಲು ಬೇರೆ ದಾರಿಯಿಲ್ಲ. ನಡುವೆ ಯಾರೋ ಕುಡಿಯುವ ನೀರಿನ ಪೈಪಿಗೆ ಅಂತ ಜೆಸಿಬಿ ಇಳಿಸುತ್ತಾರೆ. ಕೇಬಲ್ ತುಂಡಾಯಿತೋ, ಅಲ್ಲಿಂದ ಮುಂದಿರುವ ಅಷ್ಟೂ ಪಂಚಾಯಿತಿಗಳಲ್ಲಿ ನೆಟ್ ಬಂದ್. ಯಾರಾದರೂ ಬಂದು ತುಂಡಾದ ಜಾಗ ಹುಡುಕಬೇಕು, ಗುಂಡಿ ತೋಡಬೇಕು, ಕೂದಲೆಳೆಯಂಥ ಗಾಜಿನ ಎಳೆಗಳನ್ನು ಒಂದೊಂದಾಗಿ ಬೆಸೆಯಬೇಕು. ಅವರಿಗೆ ಸಂಬಳ ಯಾರು ಕೊಡಬೇಕು? ಎಷ್ಟು ಗಂಟೆಯೊಳಗೆ ಬರಬೇಕು? ಬರದಿದ್ದರೆ ದಂಡ ಯಾರಿಗೆ? ಕೇಬಲ್ ಸರಿಯಿದ್ದರೂ ಕಚೇರಿಗೆ ಬೀಗ ಬಿದ್ದಿರಬಹುದು, ಕರೆಂಟ್ ಇಲ್ಲದಿರಬಹುದು, ಬ್ಯಾಟರಿ ಸತ್ತಿರಬಹುದು. ಅಗೆಯುವ ಮುನ್ನ ತಿಳಿಸಲಿ ಅಂತ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅನ್ನೋ ಆ್ಯಪ್ ಬಂತು. ಒಳ್ಳೆಯದೇ. ಆದರೆ ಜೆಸಿಬಿ ಡ್ರೈವರ್ ಅದನ್ನು ತೆಗೆದು ನೋಡಬೇಕಲ್ಲ!

ಖಾಸಗಿಯವರ ಕಥೆಯೂ ಒಮ್ಮೆ ನಡೆದುಹೋಗಿದೆ. 2021ರ ಜೂನ್‌ನಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಇದನ್ನು ಸರ್ಕಾರ-ಖಾಸಗಿ ಪಾಲುದಾರಿಕೆಗೆ ಬಿಡುವುದಾಗಿ ಕೇಂದ್ರ ಹೇಳಿತು. ನಷ್ಟ ತುಂಬಿಕೊಡಲು 19,041 ಕೋಟಿ ರೂಪಾಯಿ ಕೊಡುವುದಕ್ಕೂ ಒಪ್ಪಿತು. ಆದರೂ ಟೆಂಡರಿಗೆ ಯಾರೂ ಮುಂದೆ ಬರಲಿಲ್ಲ. ಚದುರಿದ ಮನೆಗಳು, ಕಡಿಮೆ ಬಿಲ್ಲು, ಜಾಸ್ತಿ ರಿಪೇರಿ: ವ್ಯಾಪಾರಿ ಕೂತು ಲೆಕ್ಕ ಹಾಕಿದರೆ ಗಿಟ್ಟುವುದಿಲ್ಲ. ಅವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಸರ್ಕಾರ ಕೈತೊಳೆದುಕೊಂಡರೆ ಮೊದಲು ನೆಟ್ ಹೋಗುವುದು ಮಲೆನಾಡಿನಂಥ ಕಡೆಯ ಊರುಗಳಲ್ಲೇ.

2023ರ ಆಗಸ್ಟ್‌ನಲ್ಲಿ ಸಂಪುಟ ಒಪ್ಪಿದ ತಿದ್ದುಪಡಿ ಯೋಜನೆಯಲ್ಲಿ ಈ ಪಾಠ ಸ್ವಲ್ಪ ಕಾಣುತ್ತದೆ. ಮೊತ್ತ 1,39,579 ಕೋಟಿ ರೂಪಾಯಿ. ಕೇಬಲ್ ಈಗ ಉಂಗುರದ ಹಾಗೆ ಸುತ್ತುತ್ತದೆ, ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಹಾಕಿದವರೇ ಹತ್ತು ವರ್ಷ ನೋಡಿಕೊಳ್ಳಬೇಕು. ಮನೆಮನೆಗೆ ಸಂಪರ್ಕ ಕೊಡಲು ಊರಿನವರನ್ನೇ ‘ಉದ್ಯಮಿ’ಗಳಾಗಿ ಸೇರಿಸಿಕೊಳ್ಳುತ್ತಾರೆ. ನನಗೆ ಹಿಡಿಸಿದ್ದು ಕೊನೆಯ ಅಂಶ. ನೆಟ್ ನಿಂತರೆ ಪಕ್ಕದ ಬೀದಿಯವನ ಆದಾಯವೂ ನಿಲ್ಲುತ್ತದೆ ಅಂದರೆ ರಿಪೇರಿಗೆ ಫೋನ್ ಮಾಡಲು ಒಬ್ಬನಾದರೂ ಇರುತ್ತಾನೆ.

ಆದರೂ ಒಂದು ಅನುಮಾನ ನನಗಿದೆ. ಇವತ್ತಿಗೂ ಪ್ರಗತಿ ಅಂತ ಹೇಳುವಾಗ ಮುಂದಿಡುವುದು ಎಷ್ಟು ಪಂಚಾಯಿತಿಗೆ ಕೇಬಲ್ ಮುಟ್ಟಿತು, ಎಷ್ಟು ಕಿಲೋಮೀಟರ್ ಎಳೆದರು ಅನ್ನುವ ಸಂಖ್ಯೆಗಳನ್ನೇ. ಕಳೆದ ತಿಂಗಳು ಎಷ್ಟು ಗಂಟೆ ನೆಟ್ ಇತ್ತು ಅನ್ನುವುದು ಪ್ರತಿ ಪಂಚಾಯಿತಿಯ ಬೋರ್ಡಿನ ಮೇಲೆ ಬರಬೇಕು, ಗುತ್ತಿಗೆದಾರರ ಬಿಲ್ಲು ಅದನ್ನು ನೋಡಿಯೇ ಪಾಸಾಗಬೇಕು. ಮುಂದಿನ ಗ್ರಾಮಸಭೆಯಲ್ಲಿ ನೀವು ಪಿಡಿಒ ಅವರನ್ನು ಕೇಳಬಹುದಾದ್ದೂ ಅದೇ: ಹೋದ ಸಲ ನೆಟ್ ಕೆಟ್ಟಾಗ ಯಾರಿಗೆ ದೂರು ಕೊಟ್ಟಿರಿ, ಅವರು ಯಾವತ್ತು ಬಂದರು?