ಮಳೆ ಯಾರಿಗೆ ಮೋಸ ಮಾಡಿತು?

ಗದಗಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: 'ಕಳೆದ ಸಂಚಿಕೆಯ ಕವಿತೆಯಲ್ಲಿ "ಹನಿಗಳ ಕೈತವದಿಂದ ಮುಗಿಲು ಮುತ್ತು ಸುರಿಯಿತು" ಎಂಬ ಸಾಲಿದೆ. ನಿಘಂಟಿನಲ್ಲಿ ಕೈತವವೆಂದರೆ ಮೋಸ, ಜೂಜು. ಮಳೆ ಯಾರಿಗೆ ಮೋಸ ಮಾಡಿತು? ಅರ್ಥ ತಿಳಿಯದೆ ಬಳಸಿದ ಪದವನ್ನು ನೀವಾದರೂ ತಿದ್ದಬಾರದಿತ್ತೇ? ಅಂದಹಾಗೆ, ದಿನಪತ್ರಿಕೆಗಳಲ್ಲಿ ಈ ಪದ ಕಾಣುವುದೇ ಇಲ್ಲವಲ್ಲ, ಏಕೆ?'

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ನಿಘಂಟು ಹೇಳಿದ್ದು ನಿಜ. ಕವಿಗೆ ಅರ್ಥ ತಿಳಿದಿಲ್ಲ ಎಂಬ ತೀರ್ಪನ್ನು ಮಾತ್ರ ನಾನು ಒಪ್ಪಲಾರೆ.

'ಕಿತವ' ಎಂದರೆ ಜೂಜುಗಾರ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಲ್ಲಿ ಅಂಥವನೊಬ್ಬನ ಗೋಳಿದೆ: ಅತ್ತೆ ದ್ವೇಷಿಸುತ್ತಾಳೆ, ಹೆಂಡತಿ ಹತ್ತಿರ ಸೇರಿಸುವುದಿಲ್ಲ, ಸಾಲಕ್ಕೆ ಹೆದರಿ ರಾತ್ರಿ ಹೊತ್ತು ಪರರ ಮನೆ ಸೇರುತ್ತಾನೆ. ಇಂಥವನ ಕಸುಬು ಕೈತವ. ಅಮರಕೋಶ ಅದನ್ನು ಕಪಟ, ವ್ಯಾಜ, ದಂಭ, ಛದ್ಮಗಳ ಸಾಲಿನಲ್ಲಿ ಕೂರಿಸಿದೆ. ವ್ಯಾಸಭಾರತದಲ್ಲಿ ಶಕುನಿಯ ಮಗ ಉಲೂಕ ದುರ್ಯೋಧನನ ದೂತನಾಗಿ ಬಂದಾಗ ಅವನನ್ನು 'ಕೈತವ್ಯ' ಎಂದು ಕರೆಯುತ್ತಾರೆ. ಅಪ್ಪನ ದಾಳ ಮಗನ ಹೆಸರಿಗೂ ಅಂಟಿಕೊಂಡಿತು ನೋಡಿ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಭಾರತ ರಚಿಸಿದನೆಂದು ನಂಬುವ ಊರಿನವರು ನೀವು. ಗಮಕದಲ್ಲಿ ದ್ಯೂತಪ್ರಸಂಗ ಕೇಳಿದವರಿಗೆ ಕೈತವ ಎಂದೊಡನೆ ದಾಳ ಉರುಳಿದ ಸದ್ದು ಕೇಳಿಸಿದರೆ ಆಶ್ಚರ್ಯವಿಲ್ಲ.

ಆದರೆ ಆಲಂಕಾರಿಕರು, ಎಂದರೆ ಕಾವ್ಯದ ಅಲಂಕಾರಗಳನ್ನು ವಿವರಿಸಿದ ಶಾಸ್ತ್ರಕಾರರು, ಈ ಪದಕ್ಕೆ ಬೇರೊಂದು ಕೆಲಸ ಕೊಟ್ಟಿದ್ದಾರೆ. ಎದುರಿಗಿರುವ ವಸ್ತುವನ್ನು ಅಲ್ಲಗಳೆದು ಅದರ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸುವುದು ಅಪಹ್ನುತಿ. 'ಇವು ಹನಿಗಳಲ್ಲ, ಮುತ್ತುಗಳು' ಎಂದರೆ ಶುದ್ಧಾಪಹ್ನುತಿ. 'ಅಲ್ಲ' ಎಂದು ಬಾಯಿಬಿಟ್ಟು ಹೇಳದೆ, 'ಹನಿಗಳ ನೆವದಿಂದ ಮುತ್ತು' ಎಂದರೆ ಕೈತವಾಪಹ್ನುತಿ. ಅಪ್ಪಯ್ಯ ದೀಕ್ಷಿತರ ಸಂಸ್ಕೃತ ಅಲಂಕಾರಗ್ರಂಥ 'ಕುವಲಯಾನಂದ' ಕೊಡುವ ಉದಾಹರಣೆ ಇದು: 'ನಿರ್ಯಾಂತಿ ಸ್ಮರನಾರಾಚಾಃ ಕಾಂತಾದೃಕ್ಪಾತಕೈತವಾತ್.' ನಲ್ಲೆಯ ನೋಟದ ನೆವದಲ್ಲಿ ಮನ್ಮಥನ ಬಾಣಗಳು ಹೊರಡುತ್ತವೆ. ನೋಟವನ್ನು ನೋಟವಲ್ಲವೆಂದು ಎಲ್ಲೂ ಹೇಳಿಲ್ಲ. ಕೊನೆಯ 'ಕೈತವಾತ್' ಸದ್ದಿಲ್ಲದೆ ಅದನ್ನು ಮುಗಿಸಿಬಿಟ್ಟಿದೆ. ಮೋಸಹೋದವರು ಇಲ್ಲಿ ಯಾರೂ ಇಲ್ಲ. ಓದುಗನಿಗೆ ಗುಟ್ಟು ಗೊತ್ತಿದ್ದರೇ ಸೊಗಸು.

ನೀವು ಎತ್ತಿ ತೋರಿಸಿದ ಸಾಲು ಇದೇ ಜಾಡಿನದು, ವ್ಯಾಕರಣಕ್ಕೂ ಅರ್ಥಕ್ಕೂ ಕುಂದಿಲ್ಲ. ಮುತ್ತು ಸುರಿಸುವ ಮುಗಿಲು ತೀರಾ ಸವೆದ ಸರಕು ಎಂದು ನೀವು ಜಗಳ ತೆಗೆದಿದ್ದರೆ ನಾನು ನಿಮ್ಮ ಕಡೆ ನಿಲ್ಲುತ್ತಿದ್ದೆ. ನಾನೇ ಬರೆದಿದ್ದರೆ 'ನೆವ' ಎಂದೇ ಬರೆಯುತ್ತಿದ್ದೆ, ಕನ್ನಡದ ಕಿವಿಗೆ ಅದು ಹಗುರ. ಇನ್ನು, ಹೆಸರು ಬಿತ್ತಿ ಆಕಾಶ ನೋಡುತ್ತ ಕುಳಿತ ರೋಣದ ರೈತನ ಎರೆಹೊಲದ ಮೇಲೆ ಕವಿದು, ಒಂದು ಹನಿಯನ್ನೂ ಉದುರಿಸದೆ ಸಾಗಿಹೋಗುವ ಮುಗಿಲಿಗಾದರೆ ನೀವು ಹೇಳುವ ಅರ್ಥದ ಕೈತವವೇ ಒಪ್ಪುತ್ತದೆ.

ದಿನಪತ್ರಿಕೆಗಳ ವಿಷಯ: ಸಾಲ ಕೊಡಿಸುತ್ತೇನೆಂದು ಹಣ ನುಂಗಿದವನ ಸುದ್ದಿಗೆ 'ವಂಚನೆ' ಸಾಕು. ಕೈತವ ಎಂದು ದೂರು ಬರೆದುಕೊಟ್ಟರೆ ಠಾಣಾಧಿಕಾರಿ ಅಲಂಕಾರಶಾಸ್ತ್ರ ಹುಡುಕಬೇಕಾದೀತು.