ಕಾಲ್ಬೆರಳುಗಳನ್ನೂ ನೋಡಿ

ಆತ್ಮೀಯರೇ,

ನಿಮ್ಮ ಪತ್ರವನ್ನೂ ಜೊತೆಗಿಟ್ಟಿದ್ದ ಹನ್ನೆರಡು ನಗ್ನಚಿತ್ರಗಳನ್ನೂ ಎರಡು ದಿನ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಅದೇ ರೂಪದರ್ಶಿ, ಅದೇ ಕ್ಯಾಮೆರಾ, ಅದೇ ಲೆನ್ಸ್. ಆದರೂ ಸ್ಟುಡಿಯೋದಲ್ಲಿ ತೆಗೆದ ಆರರಲ್ಲಿ ಜೀವವಿದೆ, ಹೊರಗೆ ಬಂಡೆಗಳ ಮೇಲೆ ತೆಗೆದ ಆರರಲ್ಲಿ ಆಕೆ ತಂದು ನಿಲ್ಲಿಸಿದ ಬೊಂಬೆಯಂತೆ ಕಾಣುತ್ತಾರೆ, ಯಾಕೆ ಹೀಗೆ ಎಂದು ಕೇಳಿದ್ದೀರಿ. ಇನ್ನೂ ಅಗಲದ (ವೈಡ್ ಆ್ಯಂಗಲ್) ಲೆನ್ಸ್ ಕೊಳ್ಳಲೇ ಎಂಬುದು ಎರಡನೆಯ ಪ್ರಶ್ನೆ. ಕೊನೆಯ ಸಾಲಿನಲ್ಲಿ ತುಸು ಅಳುಕುತ್ತಲೇ ಮೂರನೆಯದನ್ನೂ ಸೇರಿಸಿದ್ದೀರಿ: ಬಂಡೆಯ ಮೇಲೆ ಒಂದು ಭಂಗಿಗೆ ಆಕೆ ಒಪ್ಪಲಿಲ್ಲ, ಸ್ವಲ್ಪ ಒತ್ತಾಯ ಮಾಡಬೇಕಿತ್ತೇ? ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಆದರೆ ಬೆಳಕಿನಿಂದ ಶುರುಮಾಡುತ್ತೇನೆ, ದಾರಿ ಅಲ್ಲಿಗೇ ಹೋಗುತ್ತದೆ.

ಸ್ಟುಡಿಯೋದಲ್ಲಿ ನೀವು ಒಂದೇ ಸಾಫ್ಟ್‌ಬಾಕ್ಸನ್ನು, ಅಂದರೆ ಬಿಳಿ ಬಟ್ಟೆಯ ಮುಖವಿರುವ ದೀಪದ ಪೆಟ್ಟಿಗೆಯನ್ನು, ಪಕ್ಕದಲ್ಲಿ, ಮೈಗೆ ತೀರ ಹತ್ತಿರ ಇಟ್ಟಿದ್ದೀರಿ. ದೀಪ ಹತ್ತಿರ ಬಂದಷ್ಟೂ ದೇಹದ ಅಳತೆಗೆ ಅದು ದೊಡ್ಡದಾಗುತ್ತದೆ, ನೆರಳಿನ ಅಂಚು ಮೆತ್ತಗಾಗುತ್ತದೆ. ಹಾಗೆಯೇ ಬೆಳಕು ಬೇಗ ಬತ್ತಿಯೂ ಹೋಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ನಮ್ಮ ಲೆಕ್ಕದಲ್ಲಿ ಎರಡು ಸ್ಟಾಪ್ (ಬೆಳಕು ಅರ್ಧವಾದರೆ ಒಂದು ಸ್ಟಾಪ್). ದೊಡ್ಡ ಸಾಫ್ಟ್‌ಬಾಕ್ಸ್ ತೀರ ಸಮೀಪವಿದ್ದಾಗ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ, ಆದರೂ ಇಳಿತ ಇದ್ದೇ ಇರುತ್ತದೆ. ನಿಮ್ಮ ನಾಲ್ಕನೆಯ ಚಿತ್ರದಲ್ಲಿ ಹೆಗಲು ಬೆಳಗಿ, ಬೆನ್ನಿನ ಹುರಿಯ ಗುಂಟ ಬೆಳಕು ಇಳಿದು, ಸೊಂಟ ಕತ್ತಲಿಗೆ ಜಾರಿದೆಯಲ್ಲ, ಅದು ಈ ಇಳಿತದ ಫಲ. ಬಹಳ ಚೆನ್ನಾದ ಚಿತ್ರ ಅದು.

ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅಲ್ಲಿಂದ ಬಂದ ಬಿಸಿಲಿಗೆ ಹೆಗಲೂ ಒಂದೇ, ಹಿಮ್ಮಡಿಯೂ ಒಂದೇ, ಹತ್ತು ಮೀಟರ್ ಹಿಂದಿನ ಬಂಡೆಯೂ ಒಂದೇ. ಒಳಗೆ ದೇಹವನ್ನು ಹಿನ್ನೆಲೆಯಿಂದ ಬಿಡಿಸಿಕೊಟ್ಟ ಆ ಇಳಿತ ಹೊರಗೆ ಸಿಗುವುದೇ ಇಲ್ಲ. ಸ್ಟುಡಿಯೋದಲ್ಲಿ ಆಕೆ ಕೂತಲ್ಲೇ ಕೂತಿದ್ದರು, ನೀವು ದೀಪ ಸರಿಸಿದಿರಿ. ಹೊರಗೆ ಸರಿಯಬೇಕಾದವರು ನೀವಿಬ್ಬರು. ನೀವೋ ಮೊದಲು ಹಿನ್ನೆಲೆ ಆರಿಸಿ, ಆಮೇಲೆ ಆಕೆಯನ್ನು ಅದರ ಮುಂದೆ ನಿಲ್ಲಿಸಿದ್ದೀರಿ. ಮುಂದಿನ ಸಲ ಕ್ಯಾಮೆರಾ ಚೀಲದಲ್ಲೇ ಇರಲಿ. ಮುಷ್ಟಿ ಕಟ್ಟಿ ಕೈ ಮುಂದೆ ಚಾಚಿ, ನಿಧಾನವಾಗಿ ಒಂದು ಸುತ್ತು ತಿರುಗಿ. ಗೆಣ್ಣುಗಳ ನಡುವೆ ನೆರಳು ಎಲ್ಲಿ ಹದವಾಗಿ ಕೂರುತ್ತದೋ ಆ ಜಾಗವೇ ನಿಮ್ಮ ಜಾಗ. ಹೆಚ್ಚಾಗಿ ಅದು ಒಂದು ಬದಿಗೆ ಬಂಡೆಯ ಮರೆ, ಇನ್ನೊಂದು ಬದಿಗೆ ತೆರೆದ ಆಕಾಶ ಇರುವ ನೆರಳಾಗಿರುತ್ತದೆ. ಮರೆ ಸಾಲದಿದ್ದರೆ ಆ ಕಡೆ ಒಂದು ಕಪ್ಪು ಬಟ್ಟೆ ಹಿಡಿಸಿ. ಹೊರಗೆ ಬೆಳಕು ಸೇರಿಸುವುದಕ್ಕಿಂತ ಕಳೆಯುವ ಕೆಲಸವೇ ಹೆಚ್ಚು.

ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1936ರಲ್ಲಿ ಕ್ಯಾಲಿಫೋರ್ನಿಯಾದ ಓಷಿಯಾನೊ ಮರಳುದಿಬ್ಬಗಳಲ್ಲಿ ತಮ್ಮ ರೂಪದರ್ಶಿ ಕ್ಯಾರಿಸ್ ವಿಲ್ಸನ್ ಅವರ ನಗ್ನಚಿತ್ರಗಳನ್ನು ತೆಗೆದರು. ಸಿಕ್ಕರೆ ಅವನ್ನು ನಿಧಾನವಾಗಿ ನೋಡಿ. ಅಲ್ಲಿ ಮರಳು ಬರೀ ಹಿನ್ನೆಲೆಯಲ್ಲ. ಅದು ಆಕೆಯ ಭಾರವನ್ನು ಹೊತ್ತಿದೆ, ಮೈಯ ಒತ್ತಿಗೆ ಜಾಗ ಬಿಟ್ಟುಕೊಟ್ಟಿದೆ, ಬಿಸಿಲನ್ನು ಕೆಳಗಿನಿಂದ ಮೈಗೆ ಹಿಂದಿರುಗಿಸುತ್ತಿದೆ. ನಿಮ್ಮ ಬಂಡೆಗಳ ಮೇಲೆ ಆಕೆ ಎಲ್ಲಿಯೂ ಒರಗಿಲ್ಲ, ಭಾರ ಬಿಟ್ಟಿಲ್ಲ. ಜಾಗಕ್ಕೂ ಮೈಗೂ ಮಾತೇ ಆಗಿಲ್ಲ.

ಲೆನ್ಸಿನ ವಿಷಯ ಚುಟುಕಾಗಿ ಹೇಳುತ್ತೇನೆ: ಸದ್ಯಕ್ಕೆ ಬೇಡ. ಬ್ರಿಟಿಷ್ ಛಾಯಾಗ್ರಾಹಕ ಬಿಲ್ ಬ್ರಾಂಟ್ 1940ರ ದಶಕದಲ್ಲಿ ಅತಿ ಅಗಲದ ಲೆನ್ಸಿದ್ದ ಹಳೆಯ ಕೊಡ್ಯಾಕ್ ಕ್ಯಾಮೆರಾದಲ್ಲಿ ನಗ್ನಚಿತ್ರ ತೆಗೆದದ್ದು ನಿಜ. ಆಮೇಲೆ ಕಡಲ ದಂಡೆಯಲ್ಲಿ ಕಿವಿ, ಮೊಣಕೈ, ಪಾದಗಳನ್ನು ಬಂಡೆಗಳಂತೆ ಕಾಣಿಸಿದ್ದೂ ನಿಜ. ಆದರೆ ಅಂಥ ಲೆನ್ಸ್ ಹತ್ತಿರದ ಅಂಗವನ್ನು ಹಿಗ್ಗಿಸಿ ತೋರಿಸುತ್ತದೆ, ಅವರು ಆ ವಿಕಾರವನ್ನು ಬಯಸಿಯೇ ಹೋದವರು. ನಿಮ್ಮ ಒಲವು ಹಾಗಿಲ್ಲ, ಸ್ಟುಡಿಯೋ ಚಿತ್ರಗಳೇ ಹೇಳುತ್ತವೆ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 50ರಿಂದ 85 ಮಿ.ಮೀ. ಲೆನ್ಸ್ ನಿಮಗೆ ಸಾಕು.

ಈಗ ಏಳನೆಯ ಚಿತ್ರ. ಮುಖ ಬಿಡಿ, ಆಕೆಯ ಕಾಲ್ಬೆರಳುಗಳನ್ನು ನೋಡಿ. ಕಲ್ಲನ್ನು ಕಚ್ಚಿ ಹಿಡಿದಿವೆ. ಕಲ್ಲು ಕಾದಿತ್ತೋ, ಚುಚ್ಚುತ್ತಿತ್ತೋ, ಜಾರುವ ಭಯವಿತ್ತೋ. ಆ ಬಿಗಿ ಮೊಣಕಾಲಿಗೆ, ಹೊಟ್ಟೆಗೆ, ಕತ್ತಿಗೆ ಏರಿ ಮುಖದಲ್ಲಿ ನಿಂತಿದೆ. ನೀವು ಬೊಂಬೆ ಎಂದದ್ದು ಅದನ್ನೇ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ವರ್ಷಗಳ ಹಿಂದೆ, ಮಂಜು ಕರಗಿಬಿಡುತ್ತದೆ ಎಂಬ ಆತುರದಲ್ಲಿ ಒಬ್ಬರನ್ನು ನಲವತ್ತು ನಿಮಿಷ ತಣ್ಣನೆ ಕಲ್ಲಿನ ಮೇಲೆ ಕೂರಿಸಿದ್ದೆ. ಅವರು ಒಂದು ಮಾತೂ ಆಡಲಿಲ್ಲ. ಪ್ರಿಂಟಿನಲ್ಲಿ ನೋಡಿದರೆ ತೋಳುದ್ದಕ್ಕೂ ಚರ್ಮ ಮುಳ್ಳೆದ್ದಿತ್ತು, ಉಗುರು ನೀಲಿಗಟ್ಟಿತ್ತು. ಅವರಲ್ಲಿ ಕ್ಷಮೆ ಕೇಳಿದೆ, ಆ ಚಿತ್ರಗಳನ್ನು ಯಾರಿಗೂ ತೋರಿಸಲಿಲ್ಲ.

ಚಿತ್ರಕಲಾ ತರಗತಿಗಳಲ್ಲಿ ಇಪ್ಪತ್ತು ನಿಮಿಷದ ಭಂಗಿಗೆ ಐದು ನಿಮಿಷದ ಬಿಡುವು ಕೊಡುವ ರೂಢಿಯಿದೆ. ಹೊರಗಿನ ಬಂಡೆಯ ಮೇಲೆ ಐದು ನಿಮಿಷದ ಭಂಗಿಯೇ ಹೆಚ್ಚು. ಹೊದೆಯಲು ದೊಡ್ಡ ನಿಲುವಂಗಿ, ಚಪ್ಪಲಿ, ಬಿಸಿ ನೀರು ಟ್ರೈಪಾಡಿನಷ್ಟೇ ಅಗತ್ಯ. ಬಟ್ಟೆ ಬದಲಿಸಲು ಮರೆ ಬೇಕು. ಆಕೆ ಆರಿಸಿದ ಒಬ್ಬರು ಜೊತೆಗಿರಲಿ. ದಾರಿಹೋಕರು ಬಂದರೆ ಗಮನಿಸುವ ಹೊಣೆ ನಿಮ್ಮದು, ಆಕೆಯದಲ್ಲ. ಬಿಗಿ ಎಲಾಸ್ಟಿಕ್ಕಿನ ಗುರುತು ಮೈಮೇಲಿಂದ ಮಾಯಲು ಅರ್ಧ ಗಂಟೆಗೂ ಹೆಚ್ಚು ಬೇಕಾಗುವುದರಿಂದ ಸಡಿಲ ಉಡುಪಿನಲ್ಲಿ ಬರಲು ಮೊದಲೇ ತಿಳಿಸಿ. ಸ್ಟುಡಿಯೋ ಎಷ್ಟು ಬೆಚ್ಚಗಿರಬೇಕೆಂದರೆ, ಅಂಗಿ ತೊಟ್ಟ ನಿಮಗೆ ಸ್ವಲ್ಪ ಸೆಕೆಯೆನಿಸಬೇಕು.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ: ಇಲ್ಲ, ಒತ್ತಾಯ ಮಾಡಬಾರದಿತ್ತು, ಮಾಡದೆ ಒಳ್ಳೆಯ ಕೆಲಸ ಮಾಡಿದಿರಿ. ಯಾವ ಮಟ್ಟದ ನಗ್ನತೆ, ಚಿತ್ರ ಎಲ್ಲೆಲ್ಲಿ ಹೋಗುತ್ತದೆ, ಯಾರು ನೋಡುತ್ತಾರೆ ಎಂಬುದನ್ನೆಲ್ಲ ಮೊದಲೇ ಮಾತಾಡಿ ಕಾಗದಕ್ಕೆ ಇಳಿಸಬೇಕು. ವಯಸ್ಸು 18 ತುಂಬಿದೆಯೆಂಬುದಕ್ಕೆ ದಾಖಲೆ ನೋಡಬೇಕು. ಸಹಿ ಹಾಕಿದ ಮೇಲೂ ಆ ಕ್ಷಣದ ‘ಬೇಡ’ ಎಂಬ ಮಾತೇ ದೊಡ್ಡದು. ಭಂಗಿ ತಿದ್ದಲು ಮೈ ಮುಟ್ಟಬೇಡಿ, ನೀವೇ ನಿಂತು ತೋರಿಸಿ. ಅದೇ ಬಂಡೆಯ ಮೇಲೆ ನಿಂತರೆ ಕಾಲಡಿ ಏನಿದೆ ಎಂಬುದೂ ನಿಮಗೆ ತಿಳಿಯುತ್ತದೆ.

ಇನ್ನೊಂದು: ನಡುನಡುವೆ ಚಿತ್ರಗಳನ್ನು ಆಕೆಗೂ ತೋರಿಸಿ. ವೆಸ್ಟನ್ 1936ರಲ್ಲೇ ಬಾಗಿಲ ಬಳಿ ತೆಗೆದ ಕ್ಯಾರಿಸ್ ಅವರ ಪ್ರಸಿದ್ಧ ಚಿತ್ರದಲ್ಲಿ ವೆಸ್ಟನ್ ಅವರಿಗೆ ತೋಳಿನ ಮೇಲಿನ ನೆರಳು ಹಿಡಿಸಿರಲಿಲ್ಲ, ಕ್ಯಾರಿಸ್ ಅವರಿಗೆ ತಮ್ಮ ಓರೆ ಬೈತಲೆ, ತಲೆಯ ಪಿನ್ನುಗಳು ಹಿಡಿಸಿರಲಿಲ್ಲ. ಒಂದೇ ಚಿತ್ರದಲ್ಲಿ ಇಬ್ಬರಿಗೂ ಕಂಡದ್ದು ಬೇರೆಬೇರೆ. ನಿಮ್ಮ ರೂಪದರ್ಶಿ ಆ ಭಂಗಿ ಏಕೆ ಬೇಡವೆಂದರು ಎಂದು ಪತ್ರದಲ್ಲಿಲ್ಲ. ಬಿಡುವಾಗಿದ್ದಾಗ, ಕ್ಯಾಮೆರಾ ಇಲ್ಲದೆ ಕೇಳಿ. ಬೇರೊಂದು ಭಂಗಿಯನ್ನು ಆಕೆಯೇ ಸೂಚಿಸಬಹುದು.

ನಾಲ್ಕನೆಯ ಚಿತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ಣ ಪುಟಕ್ಕೆ ಹಾಕುವ ಆಸೆ ನನಗಿದೆ. ಆಕೆಯ ಲಿಖಿತ ಒಪ್ಪಿಗೆ ಬೇಕು. ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಅವರೇ ಬರೆದು ಕಳುಹಿಸಲಿ.

ಸಂಪಾದಕ